ಭಾವನ ಹೆಣದ ಲೆಕ್ಕ

ನಮ್ಮ ಭಾವನನ್ನು ಯಾವ ಶುಭಕಾರ್ಯಕ್ಕೂ ಕರೆಯಬೇಡಿ! ಫ್ಯಾಕ್ಟರಿ ಪೂಜೆಗಂತೂ ಬೇಡವೇ ಬೇಡ. ಬಾಗಿಲ ಹೂವು ಇನ್ನೂ ಬಾಡಿರುವುದಿಲ್ಲ, ಇವರು ಮಾಲೀಕರ ಪಕ್ಕ ನಿಂತು, "ಸಾರ್, ಇಲ್ಲಿ ಒಬ್ಬ ಸತ್ರೆ ಎಷ್ಟು ಫೋನ್ ಮಾಡ್ಬೇಕಾಯ್ತದೆ?" ಎಂದು ಕೇಳುತ್ತಾರೆ.

ಬೈಯಬೇಡಿ, ಅದು ಅವರ ಕಸುಬು. ನನ್ನ ಅಕ್ಕನ ಗಂಡ. ರಾಮನಗರದಲ್ಲಿ ನಮ್ಮಿಬ್ಬರದೂ ಸೇರಿ ಒಂದು ಬ್ಯಾಟರಿ ಅಂಗಡಿ. ಬಿಡದಿಯಲ್ಲಿ ಶೆಡ್ಡಿನ ಪಕ್ಕ ಶೆಡ್ಡು ಏಳುತ್ತಿದ್ದ ಕಾಲ ಅದು. ಪ್ರತಿ ಶೆಡ್ಡಿಗೂ ಒಂದು ಟೆಲಿಫೋನ್ ಎಕ್ಸ್‌ಚೇಂಜ್ ಪೆಟ್ಟಿಗೆ, ಅಲ್ಲಿನ ಫೋನೆಲ್ಲ ಅದರ ಮೂಲಕವೇ; ಕರೆಂಟು ಹೋದಾಗ ಅದರ ಜೀವ ಹಿಡಿಯಲು ನಮ್ಮ ಬ್ಯಾಟರಿ. ಬೇರೆಯವರು ಎಷ್ಟು ಫೋನು, ಎಷ್ಟು ಗಂಟೆ ಎಂದು ಕೇಳಿ ಬ್ಯಾಟರಿಯ ಅಳತೆ ಹೇಳುತ್ತಿದ್ದರು. ಭಾವ ಹೆಣದಿಂದ ಶುರು ಮಾಡುತ್ತಿದ್ದರು! ಆಸ್ಪತ್ರೆಗೆ ಒಂದು, ಪೊಲೀಸರಿಗೆ ಎರಡು (ಮೊದಲನೆಯದನ್ನು ಯಾರೂ ಎತ್ತುವುದಿಲ್ಲವಲ್ಲ), ಮನೆಗೆ, ಬೀಗರಿಗೆ, ಆಮೇಲೆ ಅವರೆಲ್ಲ ತಿರುಗಿ ಮಾಡುವುದು. ಕೂಡಿಸಿ ಕೂಡಿಸಿ ಐದು ಗಂಟೆಯ ಬ್ಯಾಟರಿಗೆ ತಂದು ನಿಲ್ಲಿಸುವರು.

"ಜನರೇಟರ್ ಇದೆಯಲ್ರೀ?"

"ಸಾವು ಬರೋ ದಿನ ಅದ್ರಲ್ಲಿ ಡೀಸೆಲ್ ಇರಾಕಿಲ್ಲ ಸಾರ್."

ಒಬ್ಬ ಮಾಲೀಕರು ಇವರನ್ನು ಹೊರಗಟ್ಟಿ, ಇವರು ನಿಂತಿದ್ದ ಜಾಗದಲ್ಲಿ ನಿಂಬೆಹಣ್ಣು ಕುಯ್ಯಿಸಿದರು. ಭಾವ ಗೇಟಿನಾಚೆಯಿಂದ ಕೂಗಿದರು: "ನಿಂಬೆಹಣ್ಣು ಫೋನ್ ಮಾಡಾಕಿಲ್ಲ ಸಾರ್!"

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಬ್ಯಾಟರಿ ಹೊತ್ತು ಹೊತ್ತು ಮೇಲೆ ಬಂದವನು. ನನಗೂ ಲೆಕ್ಕ ಬರುತ್ತದೆಂಬ ಜಂಬ ಇರಬಾರದೇ? ಒಂದು ಪ್ರೆಸ್ ಫ್ಯಾಕ್ಟರಿಗೆ ಭಾವನನ್ನು ಬಿಟ್ಟು ಒಬ್ಬನೇ ಹೋದೆ. ಸಾವು ಗೀವು ಎನ್ನದೆ, "ಎರಡು ಗಂಟೆ ಸಾಕು ಸಾರ್" ಎಂದು ನಗುತ್ತಾ ಆರ್ಡರು ತಂದೆ.

ಭಾವ ಕಾಗದ ನೋಡಿದರು. "ಹೊಸ ಬ್ಯಾಟ್ರಿ ಲೆಕ್ಕ ಹಾಕ್ಬುಟ್ಟಿದೀಯ ಕಣ್ಲಾ. ಎರಡು ಬೇಸ್ಗೆ ಕಂಡ ಬ್ಯಾಟ್ರಿ ಅರ್ಧ ಬ್ಯಾಟ್ರಿ. ಅಲ್ಲಿರೋದು ತಗಡಿನ ರೂಮು ಬೇರೆ. ಯಾರಾರ ಸತ್ರೆ?"

"ನಿಮ್ ಬಾಯಿಗೆ ಬ್ಯಾಟ್ರಿನೇ ಸಾಯ್ತದೆ ಭಾವ, ಒಸಿ ಸುಮ್ಕಿರಿ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಭಾವನೂ ನಕ್ಕರು. ಆದರೆ "ಇನ್ನೊಂದು ಸೆಟ್ ಸೇರ್ಸ್ಲಾ" ಎಂದು ಎರಡು ವರ್ಷ ಗೊಣಗಿದರು. ನಾನು ಸೇರಿಸಲಿಲ್ಲ.

ಮೂರನೇ ಬೇಸಿಗೆಯ ಒಂದು ಮಧ್ಯಾಹ್ನ ಕಲ್ಯ ಎಂಬ ಊರಿನ ಕಡೆಯ ಕೆಲಸಗಾರನೊಬ್ಬನ ತೋಳು ಪ್ರೆಸ್ಸಿಗೆ ಸಿಕ್ಕಿತು. ಮೇನ್ ಸ್ವಿಚ್ಚು ಇಳಿಸಿ ಅವನನ್ನು ಬಿಡಿಸಿದರು. ಪೊಲೀಸರು ಬರುವವರೆಗೂ ಆ ಸ್ವಿಚ್ಚು ಮುಟ್ಟಲು ಯಾರಿಗೂ ಧೈರ್ಯ ಬರಲಿಲ್ಲ; ಫೋನಿನ ಪೆಟ್ಟಿಗೆ ನನ್ನ ಬ್ಯಾಟರಿಯ ಮೇಲೇ ನಿಂತಿತು. ಮ್ಯಾನೇಜರು ಅವನನ್ನು ವ್ಯಾನಿನಲ್ಲಿ ಹಾಕಿಕೊಂಡು ಬೆಂಗಳೂರಿಗೆ ಓಡಿದರು. ಇಡೀ ಫ್ಯಾಕ್ಟರಿಗಿದ್ದ ಒಂದೇ ಮೊಬೈಲು ಅವರ ಜೇಬಿನಲ್ಲಿ. ಆಸ್ಪತ್ರೆಯಲ್ಲಿ ರಕ್ತ ಕೇಳಿದರು. ಅದೇ ಗುಂಪಿನ ಮೂವರು ಫ್ಯಾಕ್ಟರಿಯಲ್ಲೇ ಇದ್ದರು. ಮ್ಯಾನೇಜರು ಫ್ಯಾಕ್ಟರಿಗೆ ಫೋನಿನ ಮೇಲೆ ಫೋನು ಮಾಡಿದರು. ನನ್ನ ಬ್ಯಾಟರಿ ಮುಕ್ಕಾಲು ಗಂಟೆಗೇ ಸತ್ತಿತ್ತು.

ಸಂಜೆಗೆ ಅವನೂ ಹೋದ. ರಕ್ತ ಸಿಕ್ಕಿದ್ದರೆ? "ಹೇಳೋಕಾಗಲ್ಲ" ಎಂದರಂತೆ ಡಾಕ್ಟರು. ಹೊರುವುದು ನನಗೆ ಹೊಸದಲ್ಲ, ಆದರೆ ಆ ಒಂದು ಮಾತನ್ನು ಎಲ್ಲಿ ಇಳಿಸಲಿ ಹೇಳಿ!

ಹನ್ನೊಂದನೇ ದಿನದ ತಿಥಿಗೆ ಇಬ್ಬರೂ ಅವನ ಊರಿಗೆ ಹೋದೆವು. ಎಲೆ ಮುಂದೆ ಕೂತಿದ್ದಾಗ ಅವನ ಅಪ್ಪ ಬಂದು ನಿಂತರು. "ಆ ಫೋನಿನ ಬ್ಯಾಟ್ರಿ ಹಾಕ್ದೋರು ಯಾರಪ್ಪಾ?"

ನಾನು ಬಾಯಿ ತೆರೆದೆ. ಭಾವನ ಕೈ ನನ್ನ ತೊಡೆಯ ಮೇಲೆ ಬಿತ್ತು.

"ನಾನೇ ಕಣಣ್ಣ. ಲೆಕ್ಕ ತಪ್ಪಿದ್ದು ನಂದೇ. ಇವ್ನು ಬರೀ ಹೊತ್ಕೊಂಡು ಬಂದೋನು."

ಮುದುಕ ಬಗ್ಗಿ ಭಾವನ ಎಲೆ ನೋಡಿದರು. ಆಮೇಲೆ, "ಇವ್ರಿಗೆ ಸಾರು ಬುಡ್ರಪ್ಪ" ಎಂದು ಒಳಕ್ಕೆ ಹೋದರು.

ದಾರಿಯಲ್ಲಿ ನಾನು ಬೈಕು ನಿಲ್ಲಿಸಿಬಿಟ್ಟೆ. "ಯಾಕಂಗಂದ್ರಿ ಭಾವ?"

"ನಂದು ಹೆಂಗಿದ್ರೂ ಕೆಟ್ಟ ಬಾಯಿ ಅಂತ ಊರೆಲ್ಲಾ ಹೆಸ್ರೈತೆ. ನಿಂಗ್ಯಾಕ್ಲಾ ಹೊಸ್ದಾಗಿ?" ಎಂದು ತಮ್ಮ ಟವೆಲು ನನ್ನ ಕೈಗಿಟ್ಟರು. "ಮಕ ಒರಸ್ಕೊ. ರೋಡು ಕಾಣ್ಬೇಕಲ್ಲ."