ಎರಡು ಪಿಕಪ್‌ಗಳ ತುಲನಾತ್ಮಕ ಅಧ್ಯಯನ

ಪಿಕಪ್ ಗಾಡಿ ಕೊಳ್ಳುವ ವಿಷಯದಲ್ಲಿ ಇಡೀ ಮಾಗಡಿ ತಾಲ್ಲೂಕಿನಲ್ಲಿ ನನಗಿಂತ ತಿಳಿದವರು ಇನ್ನೊಬ್ಬರಿಲ್ಲ ಎಂದು ನಾನು ನಂಬಿದ್ದ ಕಾಲ ಒಂದಿತ್ತು. ಆ ಕಾಲ ಹೆಚ್ಚು ದಿನ ಬಾಳಲಿಲ್ಲ.

ಮಾಗಡಿಯಲ್ಲಿ ನನ್ನದೊಂದು ಶಾಮಿಯಾನ ಅಂಗಡಿ ಇದೆ. ಕುರ್ಚಿ, ಮೇಜು, ಅಡುಗೆ ಪಾತ್ರೆ, ಸೀರಿಯಲ್ ದೀಪದ ಸೆಟ್ಟು, ಮದುಮಕ್ಕಳು ಕೂರುವ ಸಿಂಹಾಸನ, ಎಲ್ಲವೂ ಬಾಡಿಗೆಗೆ ಸಿಗುತ್ತವೆ. ಸಾಮಾನು ನನ್ನವಾದರೂ ಅವನ್ನು ಸಾಗಿಸುವ ಗಾಡಿ ಮಾತ್ರ ಬೇರೆಯವರದ್ದಾಗಿತ್ತು. ಸ್ವಂತಕ್ಕೊಂದು ಪಿಕಪ್ ಕೊಳ್ಳೋಣ ಎಂದು ನಾನೂ ನನ್ನ ಹೆಂಡತಿ ಗಿರಿಜಾಳೂ ತೀರ್ಮಾನಿಸಿದೆವು. ರಾಮನಗರದಲ್ಲಿ ಎರಡು ಷೋರೂಮುಗಳು ರಸ್ತೆಯ ಆಚೆ ಈಚೆ ಎದುರುಬದುರಾಗಿವೆ. ಒಂದರಲ್ಲಿ ಬಿಳಿ ಗಾಡಿ, ಇನ್ನೊಂದರಲ್ಲಿ ನೀಲಿ ಗಾಡಿ. ಎರಡರ ಬೆಲೆಯೂ ಹೆಚ್ಚುಕಡಿಮೆ ಒಂದೇ, ಎರಡರ ಜಾಹೀರಾತೂ ಒಂದೇ: ನಮ್ಮದೇ ಶ್ರೇಷ್ಠ!

ಸಾಮಾನ್ಯ ಮನುಷ್ಯನಾಗಿದ್ದರೆ ಯಾವುದೋ ಒಂದನ್ನು ತೆಗೆದುಕೊಂಡು ನಿಂಬೆಹಣ್ಣು ಕಟ್ಟಿ ಓಡಿಸಿಬಿಡುತ್ತಿದ್ದ. ನಾನು ಅಧ್ಯಯನಕ್ಕೆ ಇಳಿದೆ. ಹಗಲೆಲ್ಲಾ ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಟಾರ್ಕ್, ಪೇಲೋಡ್, ಗ್ರೌಂಡ್ ಕ್ಲಿಯರೆನ್ಸ್ ಎಂಬ ಪದಗಳು ನಾಲಿಗೆಯ ಮೇಲೆ ನಲಿದಾಡತೊಡಗಿದವು. ಟಾರ್ಕ್ ಎಂದರೆ ಏನೆಂದು ಇವತ್ತಿಗೂ ನನಗೆ ಖಚಿತವಾಗಿ ಗೊತ್ತಿಲ್ಲ. ಆದರೆ ಆ ಪದ ಬಳಸಿದ ಕೂಡಲೇ ಎದುರಿಗಿದ್ದವರು ಸುಮ್ಮನಾಗುತ್ತಿದ್ದರು. ಗಿರಿಜಾ ಮಾತ್ರ ಸುಮ್ಮನಾಗಲಿಲ್ಲ.

"ಸಾಮಾನು ಹಾಕ್ಕೊಂಡು ಹೋಯ್ತದೆ, ಇಳಿಸ್ಬುಟ್ಟು ವಾಪಸ್ ಬತ್ತದೆ. ಇನ್ನೇನ್ರೀ ಆಗ್ಬೇಕು ನಿಮ್ಗೆ? ಯಾವ್ದಾದ್ರೂ ಒಂದ್ ತಗೊಳ್ರೀ."

"ನಿಂಗೆ ಗೊತ್ತಾಗಲ್ಲ ಬುಡು. ಟಾರ್ಕ್ ಅಂತ ಒಂದೈತೆ."

"ಇರ್ಲಿ ಬುಡಿ, ಇದ್ರೆ ಅದ್ನೂ ಹಾಕ್ಸಿ," ಎಂದು ಅವಳು ಒಳಗೆ ಹೋದಳು.

ಎರಡೂ ಗಾಡಿಗಳನ್ನು ಒಂದೇ ದಿನ, ಒಂದೇ ರಸ್ತೆಯಲ್ಲಿ, ನಿಜವಾದ ಭಾರ ಹೊರಿಸಿ ಪರೀಕ್ಷಿಸಬೇಕು ಎಂಬ ಮಹತ್ತರ ಯೋಚನೆ ನನಗೆ ಹೊಳೆದದ್ದು ಆಗಲೇ. ಅದೇ ವಾರ ಒಂದೇ ಬೆಳಿಗ್ಗೆಗೆ ಎರಡು ಬಾಡಿಗೆ ಇದ್ದವು. ಒಂದು ತಿಪ್ಪಸಂದ್ರದಲ್ಲಿ, ಗಿರಿಜಾಳ ದೊಡ್ಡಪ್ಪನ ಮಗ ಬಸವರಾಜುವಿನ ಮಗಳ ನಿಶ್ಚಿತಾರ್ಥ. ಇನ್ನೊಂದು ಅದೇ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಹಳ್ಳಿಯಲ್ಲಿ ಸಿದ್ದಮ್ಮ ಎಂಬ ಅಜ್ಜಿಯ ತಿಥಿ. ಆ ಹಳ್ಳಿಯ ಹೆಸರು ಹೇಳಲಾರೆ. ಆ ಕಡೆ ನಾನಿನ್ನೂ ತಲೆ ಎತ್ತಿಕೊಂಡು ಹೋಗುವ ಹಾಗಿಲ್ಲ.

ಎರಡೂ ಕಡೆ ಚಪ್ಪರವನ್ನು ಹಿಂದಿನ ದಿನವೇ ಹಾಕಿಸಿದ್ದೆ. ಉಳಿದ ಸಾಮಾನು ಬೆಳಿಗ್ಗೆ ಹೋಗಬೇಕಿತ್ತು. ಪರೀಕ್ಷೆಗೆಂದು ಸುಮ್ಮನೆ ಮರಳಿನ ಮೂಟೆ ಹೊರಿಸುವುದಕ್ಕಿಂತ ಇದೇ ಸಾಮಾನನ್ನು ಹೊರಿಸಿದರೆ ಪರೀಕ್ಷೆಯೂ ಆಯಿತು, ಗಾಡಿ ಬಾಡಿಗೆಯೂ ಉಳಿಯಿತು! ನನ್ನ ಬುದ್ಧಿಗೆ ನಾನೇ ಬೆರಗಾದೆ. ಖಾಯಂ ಬಾಡಿಗೆ ಗಾಡಿಯವನಿಗೆ ಬರುವುದು ಬೇಡವೆಂದೆ. ಷೋರೂಮುಗಳಿಗೆ ಫೋನ್ ಮಾಡಿ, "ಒಸಿ ಟೆಸ್ಟ್ ಡ್ರೈವ್ ಮಾಡ್ಬೇಕಿತ್ತು" ಎಂದೆ. ಇನ್ನೊಬ್ಬನೂ ಬರುತ್ತಾನೆ ಎಂಬುದನ್ನು ಇಬ್ಬರಿಗೂ ಹೇಳಲಿಲ್ಲ.

ಬೆಳಿಗ್ಗೆ ಬಿಳಿ ಗಾಡಿಯಲ್ಲಿ ಕಿರಣ ಬಂದ, ನೀಲಿ ಗಾಡಿಯಲ್ಲಿ ಹರೀಶ ಬಂದ. ಇಬ್ಬರೂ ಟೈ ಕಟ್ಟಿದ್ದರು. ನನ್ನ ಅಂಗಡಿಯ ಮುಂದೆ ಪರಸ್ಪರ ಮುಖ ನೋಡಿಕೊಂಡಾಗ ಇಬ್ಬರ ಮುಖದ ನಗುವೂ ಒಟ್ಟಿಗೆ ಆರಿಹೋಯಿತು.

ನೀಲಿ ಗಾಡಿಗೆ ನಿಶ್ಚಿತಾರ್ಥದ ಸಾಮಾನು ಹೇರಿಸಿದೆ: ಕುರ್ಚಿಗಳು, ಕಬ್ಬಿಣದ ಸ್ವಾಗತ ಕಮಾನು, ಕೆಂಪು ಮಖಮಲ್ಲಿನ ಎರಡು ಸಿಂಹಾಸನ, ಜೊತೆಗೆ ಬಾಗಿಲಲ್ಲಿ ನಿಂತು ಕೈ ಮುಗಿದು ಪನ್ನೀರು ಎರಚುವ ಬ್ಯಾಟರಿ ಗೊಂಬೆ. ಬಿಳಿ ಗಾಡಿಗೆ ತಿಥಿಯ ಸಾಮಾನು: ಕುರ್ಚಿಗಳು, ಅಡುಗೆ ಪಾತ್ರೆಗಳು, ಸಿದ್ದಮ್ಮನವರ ಫೋಟೋ ಹಾಕಿಸಿದ ದೊಡ್ಡ ಫ್ಲೆಕ್ಸಿನ ಸುರುಳಿ. ಎರಡಕ್ಕೂ ಒಂದೇ ಬಣ್ಣದ ಟಾರ್ಪಾಲು ಕಟ್ಟಿಸಿದೆ. ಹೋಗಬೇಕಾದ ಊರಿನ ಲೊಕೇಶನ್ನನ್ನು ಇಬ್ಬರ ಮೊಬೈಲಿಗೂ ಕಳಿಸಿದೆ. ನನ್ನ ಆಳುಗಳು ಗಾಡಿ ಹತ್ತಲು ಬಂದಾಗ ತಡೆದೆ.

"ನೀವ್ ಹತ್ತಿದ್ರೆ ತೂಕದ ಲೆಕ್ಕ ಕೆಡ್ತದೆ ಕಣ್ರಲಾ. ಬಸ್ಸಲ್ಲಿ ಹೋಗಿ ಅಲ್ಲೇ ಕಾಯ್ತಾ ಇರಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದರು.

ನಾನು ಮೊದಲು ನೀಲಿ ಗಾಡಿಯಲ್ಲಿ ಕೂತೆ. ಊರಾಚೆಯ ಏರಿನಲ್ಲಿ ಬಿಳಿ ಗಾಡಿ ನಮ್ಮನ್ನು ಹಿಂದೆ ಹಾಕಿ ಹೋಯಿತು. ಏರಿನ ತುದಿಯಲ್ಲಿ ಕಾಯುತ್ತಿದ್ದ ಬಿಳಿ ಗಾಡಿಯ ಪಕ್ಕ ಹರೀಶ ಗಾಡಿ ನಿಲ್ಲಿಸಿ ಕೆಳಗಿಳಿದ.

"ಅನ್ಯಾಯ ಸಾರ್! ನನ್ ಗಾಡೀಲಿ ಕಬ್ಬಿಣ ಐತೆ, ಅವನ್ ಗಾಡೀಲಿ ಖಾಲಿ ಪಾತ್ರೆ ಐತೆ. ಇದೆಂಥ ಟೆಸ್ಟು?"

"ಪಾತ್ರೆ ಏನ್ ಹತ್ತಿನಾ?" ಎಂದ ಕಿರಣ.

ನ್ಯಾಯಪೀಠದಲ್ಲಿ ಕೂತವನ ಗಾಂಭೀರ್ಯದಿಂದ ನಾನು ತೀರ್ಪು ಕೊಟ್ಟೆ: ಸಾಮಾನು ಅದಲು ಬದಲು ಮಾಡತಕ್ಕದ್ದು, ಗಾಡಿಗಳು ಮತ್ತೊಮ್ಮೆ ಏರು ಹತ್ತತಕ್ಕದ್ದು. ಆಳುಗಳು ಬಸ್ಸಿನಲ್ಲಿದ್ದರು. ಹಾಗಾಗಿ ಆ ಇಬ್ಬರು ಹುಡುಗರೇ ಟೈಯನ್ನು ಹೆಗಲ ಮೇಲೆ ಎಸೆದುಕೊಂಡು ಕಮಾನು, ಸಿಂಹಾಸನ, ಕೊಳದಪ್ಪಲೆ ಎಲ್ಲವನ್ನೂ ಬಿಸಿಲಲ್ಲಿ ಹೊತ್ತರು. ನಾನು ಮರದ ನೆರಳಲ್ಲಿ ನಿಂತು, "ಹುಷಾರು ಕಣಪ್ಪ, ಗೀರಾಗ್ತದೆ" ಎಂದು ಪ್ರೋತ್ಸಾಹಿಸುತ್ತಿದ್ದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಎರಡನೆಯ ಸಲ ನಾನು ಬಿಳಿ ಗಾಡಿಯಲ್ಲಿ ಕೂತೆ. ಈ ಸಲ ನೀಲಿ ಗಾಡಿ ಮುಂದೆ ಹೋಯಿತು! ಕಬ್ಬಿಣ ಯಾವ ಗಾಡಿಯಲ್ಲಿದೆಯೋ ಆ ಗಾಡಿ ಹಿಂದೆ ಬೀಳುತ್ತದೆ ಎಂಬ ಮಹಾಸತ್ಯವನ್ನು ನಾನು ಕಂಡುಹಿಡಿದಿದ್ದೆ. ಆ ಸಂಶೋಧನೆಯ ಗುಂಗಿನಲ್ಲಿದ್ದಾಗಲೇ ಕವಲು ದಾರಿ ಬಂತು. ನೀಲಿ ಗಾಡಿ ತನ್ನ ಮೊಬೈಲ್ ಹೇಳಿದಂತೆ ತಿಪ್ಪಸಂದ್ರಕ್ಕೆ ಹೋಯಿತು. ಬಿಳಿ ಗಾಡಿ ತನ್ನ ಮೊಬೈಲ್ ಹೇಳಿದಂತೆ ಒಳಗಿನ ಹಳ್ಳಿಗೆ ತಿರುಗಿತು. ಸಾಮಾನು ಬದಲಾಗಿತ್ತು, ಲೊಕೇಶನ್ ಬದಲಾಗಿರಲಿಲ್ಲ. ನಾನು ಕಿರಣನಿಗೆ ಟಾರ್ಕಿನ ಮಹತ್ವ ವಿವರಿಸುತ್ತಿದ್ದೆ.

ತಿಥಿ ಮನೆಯ ಅಂಗಳದಲ್ಲಿ ಜನ ತಲೆ ತಗ್ಗಿಸಿಕೊಂಡು ಕೂತಿದ್ದರು. ಜಗಲಿಯ ಮೂಲೆಯಲ್ಲಿ ಸಿದ್ದಮ್ಮನವರ ಗಂಡ ಚಿಕ್ಕಣ್ಣಜ್ಜ ಕಂಬಕ್ಕೆ ಒರಗಿದ್ದರು. ಮಗ ಪುಟ್ಟಸ್ವಾಮಿ, ತಲೆ ಬೋಳಿಸಿಕೊಂಡವನು, ಎದುರು ಬಂದು ಕೈ ಮುಗಿದ. ನಾನೂ ಮುಖವನ್ನು ಸಂದರ್ಭಕ್ಕೆ ತಕ್ಕಂತೆ ಸಣ್ಣದು ಮಾಡಿಕೊಂಡು ಕೈ ಮುಗಿದೆ. ಆಮೇಲೆ ಗಾಡಿಯ ಹಿಂದೆ ಹೋಗಿ ಟಾರ್ಪಾಲು ಎಳೆದೆ.

ಹಗ್ಗವು ಗೊಂಬೆಯ ಸ್ವಿಚ್ಚಿಗೆ ಸಿಕ್ಕಿಕೊಂಡಿತ್ತು.

ಟಾರ್ಪಾಲು ಸರಿದದ್ದೇ ತಡ, ಜರಿ ಸೀರೆ ಉಟ್ಟ ಗೊಂಬೆ ಓಲಗದ ಸದ್ದು ಮಾಡುತ್ತಾ ಕೈ ಮುಗಿಯಿತು, ಬಗ್ಗಿತು, ದುಃಖದಲ್ಲಿ ಕೂತಿದ್ದ ಬಂಧುಬಳಗದ ಮೇಲೆ ಪನ್ನೀರು ಎರಚಿತು! ಅದರ ಹಿಂದೆ ಎರಡು ಕೆಂಪು ಸಿಂಹಾಸನಗಳು ಥಳಥಳ ಹೊಳೆಯುತ್ತಿದ್ದವು. ಕಮಾನಿನ ಮೇಲೆ ದಪ್ಪ ಅಕ್ಷರಗಳಲ್ಲಿ 'ಸುಸ್ವಾಗತ' ಎಂದಿತ್ತು.

ಗೊಂಬೆಯನ್ನು ಬಿಟ್ಟು ಇನ್ಯಾರೂ ಅಲುಗಾಡಲಿಲ್ಲ.

ಪುಟ್ಟಸ್ವಾಮಿ ಮುಖದ ಮೇಲಿನ ಪನ್ನೀರು ಒರೆಸಿಕೊಂಡು ಕೇಳಿದ: "ಏನ್ ಸ್ವಾಮಿ ಇದು? ನಾವು ನಮ್ಮವ್ವನ ತಿಥಿ ಮಾಡ್ತಾ ಇದೀವೋ, ಇಲ್ಲಾ ನಮ್ಮಪ್ಪಂಗೆ ಎರಡ್ನೇ ಮದ್ವೆ ಮಾಡ್ತಾ ಇದೀವೋ?"

ಸ್ವಿಚ್ಚು ಹುಡುಕಲು ನಾನು ಗೊಂಬೆಯ ಸೀರೆಯ ಹಿಂದೆ ತಡಕಾಡತೊಡಗಿದೆ. ಅದು ನೋಡುವವರ ಕಣ್ಣಿಗೆ ಇನ್ನೂ ಕೆಟ್ಟದಾಗಿ ಕಂಡಿರಬೇಕು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಗಿರಿಜಾ! ಅವಳು ಹಿಂದಿನ ದಿನವೇ ತಿಪ್ಪಸಂದ್ರಕ್ಕೆ ಹೋಗಿದ್ದಳು. ಅವಳ ದನಿಗೆ ಸ್ಪೀಕರ್ ಬೇಕಾಗಿಲ್ಲ.

"ಏನ್ರೀ, ಯಾರ್ರೀ ಈ ಮುದುಕಿ?"

"ಯಾವ ಮುದುಕಿ?" ಎಂದೆ, ಗೊತ್ತಿದ್ದೂ.

"ಚಪ್ಪರದ ಬಾಗ್ಲಲ್ಲಿ ನೇತಾಡ್ತಾ ಅವ್ಳಲ್ಲ, ಅವ್ಳೇ! ಹುಡ್ಗ ಹುಡ್ಗಿ ಫೋಟೋ ಇರ್ತದೆ ಅಂತ ನಮ್ ಹುಡುಗ್ರು ಸುರುಳಿ ಮೇಲಕ್ಕೆ ಕಟ್ಟಿ ಬಿಚ್ಚಿದ್ರೆ 'ಮತ್ತೆ ಹುಟ್ಟಿ ಬಾ ತಾಯಿ' ಅಂತ ಬರ್ದೈತೆ. ಗಂಡಿನ ಕಡೆಯೋರು ಬಾಗ್ಲಲ್ಲೇ ನಿಂತ್ಬುಟ್ಟವ್ರೆ ಕಣ್ರೀ!"

ಫೋನಿನ ಹಿಂದಿನಿಂದ ಇನ್ನೊಂದು ಗಟ್ಟಿ ದನಿ ಕೇಳಿಸಿತು. ಅದು ಬಸವರಾಜುವಿನ ತಾಯಿ, ಗಿರಿಜಾಳ ದೊಡ್ಡಮ್ಮನದು. ಅವರಿಗೆ ಕಣ್ಣು ಮಂಜು. "ಅಯ್ಯೋ, ನಾನಿನ್ನೂ ಬದುಕಿವ್ನಿ ಕಣ್ರಪ್ಪೋ! ಯಾವನ್ಲಾ ನನ್ ಫೋಟೋ ಮಾಡ್ಸಿದ್ದು?"

ಪುಟ್ಟಸ್ವಾಮಿ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಬಹಳ ನಿಧಾನವಾಗಿ ಹೇಳಿದ: "ಅಕ್ಕಾ, ಅದು ನಮ್ಮವ್ವ. ಒಸಿ ಹುಷಾರಾಗಿ ಇಳಿಸ್ರಕ್ಕಾ."

ಆ ಮಾತಿಗೆ ನಾನು ಎಷ್ಟು ಕುಗ್ಗಿದೆನೆಂದರೆ, ಪಕ್ಕದಲ್ಲಿದ್ದ ಗೊಂಬೆ ನನಗಿಂತ ಎತ್ತರವಾಗಿ ಕಂಡಿತು.

"ತಪ್ಪಾಯ್ತು ಕಣಪ್ಪ," ಎಂದೆ. ಮೂರು ವಾರ ವಿಡಿಯೋ ನೋಡಿ ಕಲಿತ ಒಂದು ಪದವೂ ಆಗ ನೆರವಿಗೆ ಬರಲಿಲ್ಲ. ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಕಂಬಕ್ಕೆ ಒರಗಿದ್ದ ಚಿಕ್ಕಣ್ಣಜ್ಜ ಎದ್ದು ಬಂದರು. ಸಿಂಹಾಸನದ ಮಖಮಲ್ಲನ್ನು ಅಂಗೈಯಿಂದ ಸವರಿ ನೋಡಿದರು.

"ಮೆತ್ತಗೈತೆ. ನಮ್ ಮದ್ವೇಲಿ ಇಂಥವೆಲ್ಲಾ ಎಲ್ಲಿದ್ದೋ? ಈಚಲ ಚಾಪೆ ಮ್ಯಾಲೆ ಕೂರ್ಸಿದ್ರು. ಮೊಣಕಾಲು ಒತ್ತುತ್ತದೆ ಅಂತ ಅವ್ಳು ಅಂದಿದ್ಲು." ಮತ್ತೊಮ್ಮೆ ಅದನ್ನು ಸವರಿ, "ಒಂದ್ನ ಇಲ್ಲೇ ಬುಟ್ಟೋಗಪ್ಪ. ಅವ್ಳ ಫೋಟೋ ಅದ್ರ ಮ್ಯಾಲೆ ಇಡಾನ," ಎಂದರು.

ಅಂಗಳದಲ್ಲಿ ಯಾರೋ ಬಿಕ್ಕಿದರು. ಪುಟ್ಟಸ್ವಾಮಿ ಅಪ್ಪನ ಹೆಗಲು ಹಿಡಿದುಕೊಂಡ. ಸಿಂಹಾಸನವನ್ನು ನಾನೇ ಹೊತ್ತು ತಂದು ಜಗಲಿಯ ಮೇಲೆ ಇಟ್ಟೆ.

ಹರೀಶನಿಗೆ ಫೋನ್ ಮಾಡಿ, ಕುರ್ಚಿ ಬಿಟ್ಟು ಉಳಿದ ಸಾಮಾನಿನೊಂದಿಗೆ ಕವಲಿಗೆ ಕರೆಸಿದೆ. ಅರ್ಧ ಸಾಮಾನು ಇಳಿಸಿದ ಮೇಲೆ, ಬದಲಾಗಬೇಕಾದದ್ದು ಸಾಮಾನಲ್ಲ, ದಾರಿ ಎಂದು ಹೊಳೆದು, ಮತ್ತೆ ಅದೇ ಗಾಡಿಗಳಿಗೆ ಹೇರಿದೆವು! ಈ ಸಲ ನಾನೂ ಹೊತ್ತೆ. ಬೆಳಿಗ್ಗೆ ಒಬ್ಬರ ಮುಖ ಒಬ್ಬರು ನೋಡಲಾರದಿದ್ದ ಆ ಇಬ್ಬರು ಹುಡುಗರು ಈಗ ಒಂದೇ ಬಾಟಲಿಯಿಂದ ನೀರು ಕುಡಿಯುತ್ತಿದ್ದರು. "ಈಯಪ್ಪ ಗಾಡಿ ತಗೊಳ್ತಾನಾ ಮಗಾ?" ಎಂದು ಹರೀಶ ಕೇಳಿದ್ದು, "ಮೊದ್ಲು ನಾವ್ ಮನೆಗೆ ಹೋಗ್ತೀವಾ ಕೇಳು," ಎಂದು ಕಿರಣ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಕೇಳಿಸದವನಂತೆ ಪಾತ್ರೆ ಎತ್ತಿದೆ.

ಹರೀಶ ಪಾತ್ರೆ, ಫ್ಲೆಕ್ಸು ಹೇರಿಕೊಂಡು ತಿಥಿ ಮನೆಗೆ ಹೋದ. ನಾನೂ ಕಿರಣನೂ ತಿಪ್ಪಸಂದ್ರಕ್ಕೆ ಹೋದೆವು. ಗಂಡಿನ ಕಡೆಯವರು ಬಿಗಿದ ಮುಖದಲ್ಲಿ ಕೂತಿದ್ದರು. ಬಸವರಾಜು ನನ್ನ ಕಡೆ ನೋಡಲಿಲ್ಲ. ನಾನು ಕಮಾನು ನಿಲ್ಲಿಸಿ, ಸಿಂಹಾಸನ ತಂದಿಟ್ಟೆ. ಒಂದೇ ಒಂದು.

"ಇನ್ನೊಂದೆಲ್ರೀ?" ಗಿರಿಜಾ ಹಲ್ಲು ಕಚ್ಚಿ ಪಿಸುಗುಟ್ಟಿದಳು.

"ಕಾಲು ಮುರಿದೈತೆ. ರಿಪೇರಿಗೆ ಕೊಟ್ಟಿವ್ನಿ," ಎಂದೆ.

ಕಿರಣ ಒಳ್ಳೆಯ ಹುಡುಗ. ಒಳ್ಳೆಯತನದಿಂದಲೇ ಎಲ್ಲರಿಗೂ ಕೇಳುವಂತೆ ಹೇಳಿದ: "ಇಲ್ಲ ಮೇಡಂ, ಏನೂ ಆಗಿಲ್ಲ, ಗಟ್ಟಿಯಾಗೈತೆ. ತಿಥಿ ಮನೇಲಿ ಅಜ್ಜಿ ಫೋಟೋ ಇಟ್ಟವ್ರೆ."

ಗಂಡಿನ ಸೋದರಮಾವ ಮೆಲ್ಲಗೆ ಎದ್ದು ನಿಂತರು. ಬಸವರಾಜುವಿನ ಮಗಳ ಸಂಬಂಧ ನನ್ನ ಅಧ್ಯಯನದಿಂದ ಮುರಿಯುತ್ತದೆ ಎಂದೇ ಅಂದುಕೊಂಡೆ. ಅಷ್ಟರಲ್ಲಿ ಮಂಜುಗಣ್ಣಿನ ದೊಡ್ಡಮ್ಮ ಕೋಲು ಕುಟ್ಟಿದರು.

"ಸತ್ತೋಳ್ಗೆ ಕೊಟ್ಟವ್ನೆ, ಬದುಕಿರೋಳ್ಗೆ ಕೊಡಾಕೆ ಏನಂತೆ ರೋಗ? ಬೆಳಿಗ್ಗೆಯಿಂದ ಪ್ಲಾಸ್ಟಿಕ್ ಕುರ್ಚೀಲಿ ಕೂತು ಸೊಂಟ ಬಿದ್ದೋಗೈತೆ. ಎತ್ರಲಾ ನನ್ನ!"

ಇಬ್ಬರು ಅವರನ್ನು ಎತ್ತಿ ಸಿಂಹಾಸನದಲ್ಲಿ ಕೂರಿಸಿದರು. ಅವರು ಎರಡೂ ಕೈಗಳನ್ನು ಅದರ ತೋಳುಗಳ ಮೇಲೆ ಚಾಚಿ ಸಭೆಯನ್ನು ನೋಡಿದ ರೀತಿಗೆ ಮೊದಲು ಹುಡುಗಿ ನಕ್ಕಳು. ಆಮೇಲೆ ಹುಡುಗ ನಕ್ಕ. ನಿಂತಿದ್ದ ಸೋದರಮಾವ ಯಾವುದಕ್ಕಾಗಿ ಎದ್ದಿದ್ದರೋ ಏನೋ, ನಗುತ್ತಾ ಮತ್ತೆ ಕೂತರು. ಹುಡುಗ ಹುಡುಗಿ ಪ್ಲಾಸ್ಟಿಕ್ ಕುರ್ಚಿಗಳಲ್ಲೇ ಕೂತು ಉಂಗುರ ಬದಲಾಯಿಸಿದರು.

ನಾನೂ ಮುಂದೆ ಹೋಗಿ ಅಕ್ಷತೆ ಹಾಕೋಣವೆಂದು ಹೊರಟೆ. ಬಸವರಾಜು ನನ್ನ ತೋಳು ಹಿಡಿದು, "ಭಾವ, ನೀವ್ ಹಿಂದುಗಡೆ ಕೂತ್ಕಳಿ. ಏನೂ ಮುಟ್ಬೇಡಿ," ಎಂದ. ಬಹಳ ಮರ್ಯಾದೆಯಿಂದಲೇ ಹೇಳಿದ. ಊಟದ ಎಲೆಯೂ ನನಗೆ ಅಡುಗೆಯವರ ಪಕ್ಕದಲ್ಲೇ ಬಂತು.

ತಿಥಿ ಮನೆಯವರ ಬಾಡಿಗೆ ನಾನು ಮುಟ್ಟಲಿಲ್ಲ. ಪುಟ್ಟಸ್ವಾಮಿ ಮರುದಿನ ಸಿಂಹಾಸನವನ್ನು ತಾನೇ ತಂದು ಅಂಗಡಿಯ ಮುಂದೆ ಇಳಿಸಿ, ನೀರು ಕುಡಿದು ಹೋದ.

ಗಾಡಿಯನ್ನೇನೋ ಕೊಂಡೆವು, ಬಿಳಿಯದನ್ನು. ಹರೀಶ ನನ್ನ ನಂಬರನ್ನು ಬ್ಲಾಕ್ ಮಾಡಿದ್ದರಿಂದ ಎರಡು ಗಾಡಿಗಳ ತುಲನಾತ್ಮಕ ಅಧ್ಯಯನ ತಾನಾಗಿಯೇ ಮುಗಿದಿತ್ತು. ಗಾಡಿ ಚೆನ್ನಾಗಿದೆ. ವ್ಯಾಪಾರವೂ ನಾನು ಹೆದರಿದಷ್ಟು ಬಿದ್ದಿಲ್ಲ. ತಿಪ್ಪಸಂದ್ರದ ಕಡೆಯಿಂದಲೂ ಈಗ ಮತ್ತೆ ಫೋನ್ ಬರುತ್ತಿದೆ. ಮೊನ್ನೆ ಒಬ್ಬರು ನಾಮಕರಣಕ್ಕೆ ಕುರ್ಚಿ ಬೇಕೆಂದು ಕೇಳಿದರು. ಸಂತೋಷದಿಂದ ಒಪ್ಪಿಕೊಂಡೆ.

"ಗಾಡಿ ಕಳ್ಸಿ ಸ್ವಾಮಿ," ಎಂದರು ಅವರು. ಆಮೇಲೆ ದನಿ ತಗ್ಗಿಸಿ, "ಆದ್ರೆ ನೀವ್ ಮಾತ್ರ ಬರ್ಬೇಡಿ."