ಹುಣಸೆಮರದ ಕಡೆಯ ಬುಟ್ಟಿ

ಬಸ್ಸು ಮುಳಬಾಗಿಲು ಸೇರುವ ಮೊದಲೇ ಕೆಟ್ಟು ನಿಲ್ಲಬಹುದಿತ್ತು. ಮಳೆ ಬಂದು ಫೈನಲ್ ನಡೆಯುವ ಮಣ್ಣಿನ ಅಂಕಣ ನಾಟಿಗೆ ತಯಾರಾದ ಗದ್ದೆಯಾಗಬಹುದಿತ್ತು. ಮಳೆ ಬರದಿದ್ದರೆ ಆಡುಗಳು ನುಗ್ಗಿ ಸುಣ್ಣದ ಗೆರೆಗಳನ್ನು ಅಳಿಸಬಹುದಿತ್ತು. ನಮ್ಮ ಕ್ಯಾಪ್ಟನ್ ರತ್ನಮ್ಮನ ಕಾಲು ಉಳುಕಬಹುದಿತ್ತು. ಉಳುಕದಿದ್ದರೆ, ವಕ್ಕಲೇರಿಯಿಂದ ಅವಳ ದೊಡ್ಡಪ್ಪ ಬಂದು, "ಗಂಡಿನ ಕಡೆಯೋರು ಬಂದವ್ರೆ, ನಡಿಯಮ್ಮಿ" ಎಂದು ಆಟದ ನಡುವೆಯೇ ಎಳೆದುಕೊಂಡು ಹೋಗಬಹುದಿತ್ತು. ಗೋಣಿಚೀಲದಲ್ಲಿ ಸುತ್ತಿ ತಂದ ಶೀಲ್ಡನ್ನು ನಾನೇ ಬಸ್ಸಿನಲ್ಲಿ ಮರೆಯಬಹುದಿತ್ತು. ಹಿಂದಿನ ದಿನ ಇಷ್ಟನ್ನೂ ಮನೆಯಲ್ಲಿ ಒಪ್ಪಿಸಿದಾಗ ನನ್ನ ಹೆಂಡತಿ ಅಕ್ಕಿ ಆರಿಸುತ್ತಲೇ, "ಭೂಕಂಪ ಬಿಟ್ರಲ್ಲಾ?" ಅಂದಳು. ನಿಜ, ಅದು ನನಗೆ ಹೊಳೆದಿರಲಿಲ್ಲ. ಅದನ್ನೂ ಸೇರಿಸಿಕೊಂಡೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕೋಲಾರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ನಾನು ಟೈಪಿಸ್ಟ್. ಬ್ಯಾಸ್ಕೆಟ್‌ಬಾಲ್ ಆಡಿದವನಲ್ಲ, ನನ್ನ ಎತ್ತರಕ್ಕೆ ಅಟ್ಟದ ಮೇಲಿನ ಡಬ್ಬ ಇಳಿಸಲೂ ಸ್ಟೂಲು ಬೇಕು. ಆದರೆ ನನ್ನ ಕಿಟಕಿಯಾಚೆಯೇ ಅಂಕಣ. ಆ ಹುಡುಗಿಯರು ಬೆಳಗಾಗುತ್ತಲೇ ತಾವೇ ನೀರು ಚಿಮುಕಿಸಿ, ರೋಲರ್ ಎಳೆದು, ದಾರ ಹಿಡಿದು ಗೆರೆ ಹಾಕಿಕೊಂಡು ಆಡುತ್ತಿದ್ದರು. ಹಾಲಿನ ಕ್ಯಾನು ಎತ್ತಿ ಗಟ್ಟಿಯಾದ ತೋಳು ರತ್ನಮ್ಮನದು. ಅವಳು ಎಸೆದ ಚೆಂಡು ಬಲೆಯೊಳಗೆ ಸರ್ರನೆ ಇಳಿಯುವ ಸದ್ದಿಗೆ ನನ್ನ ಬೆರಳುಗಳು ನಿಂತುಬಿಡುತ್ತಿದ್ದವು. ಪ್ರಿನ್ಸಿಪಾಲರ ಎಷ್ಟೋ ಪತ್ರಗಳು ಅರ್ಧ ವಾಕ್ಯದಲ್ಲೇ ನಿಂತದ್ದು ಹೀಗೆ.

ನಾಲ್ಕು ವರ್ಷ ಒಂದೇ ಸಮನೆ ಅಂತರ ಕಾಲೇಜು ಶೀಲ್ಡು ನಮ್ಮದಾಯಿತು. ಮೊಳೆ ಇದ್ದದ್ದು ನನ್ನ ಮೇಜಿನ ಮೇಲ್ಗಡೆ ಮಾತ್ರವಾದ್ದರಿಂದ ಅದು ನನ್ನ ತಲೆಯ ಮೇಲೆಯೇ ತೂಗುತ್ತಿತ್ತು. ಜನ ತಿಳಿದಂತೆ ಗೆಲುವು ಧೈರ್ಯ ಕೊಡುವುದಿಲ್ಲ. ಮೊದಲ ಗೆಲುವು ಹಬ್ಬಕ್ಕೆ ಬಂದ ನೆಂಟ, ಬಂದದ್ದೇ ಸಂತೋಷ. ನಾಲ್ಕನೆಯದು ಮನೆಯಲ್ಲೇ ನೆಲೆಸಿದ ಭಾವಮೈದುನ. ಎದ್ದು ಹೋದನೋ, ತಪ್ಪು ನಮ್ಮದೇ. ಸಾಲದ್ದಕ್ಕೆ, ಐದನೆಯ ಸಲವೂ ಗೆದ್ದರೆ ಶೀಲ್ಡು ಶಾಶ್ವತವಾಗಿ ನಮ್ಮದು ಎಂಬ ನಿಯಮ. ಸೋತರೆ ಗೋಡೆಯ ಮೇಲೆ ಅದರ ಆಕಾರದ ಬಿಳಿ ಗುರುತು ಉಳಿಯುತ್ತದೆ, ಅದರ ಕೆಳಗೆ ನಾನು. ರತ್ನಮ್ಮನಿಗೋ ಅದು ಕಡೆಯ ವರ್ಷ.

ನಾಲ್ಕೂ ಫೈನಲ್‌ಗಳಲ್ಲಿ ಒಂದನ್ನೂ ನಾನು ನೋಡಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮೊದಲನೆಯ ವರ್ಷ ನೋಡಲಾರದೆ ಎದ್ದುಹೋಗಿ ಒಂದು ಗೋಡೆಯ ಹಿಂದೆ ಬೆನ್ನು ತಿರುಗಿಸಿ ನಿಂತೆ. ಗೆದ್ದೆವು. ಅಂದಿನಿಂದ ಅದೇ ಪದ್ಧತಿ. ಬೆಳಗಿನ ನೀರು, ರೋಲರು, ಬೆವರು ಎಲ್ಲ ಒಂದು ಪಾಲಾದರೆ ನನ್ನ ಬೆನ್ನಿನದು ಒಂದು ಪಾಲು ಎಂದು ನಾನು ನಂಬಿದ್ದೆ, ಹುಡುಗಿಯರೂ ನಂಬಿದ್ದರು. ಮುಳಬಾಗಿಲಿನಲ್ಲಿ ಬಸ್ಸಿಳಿಯುತ್ತಲೇ ರತ್ನಮ್ಮ, "ಸಾರ್, ಗೋಡೆ ನೋಡ್ಕೊಂಡ್ರಾ? ಹೋಗ್ಬಿಡಿ ಸಾರ್. ಇಣುಕಿದ್ರೆ ನಾನು ಆಡಲ್ಲ!" ಎಂದು ಗದರಿದಳು.

ಪಂಪುಮನೆಯ ಹಿಂದೆ, ಶೀಲ್ಡನ್ನು ಮಗುವಿನಂತೆ ಅವುಚಿಕೊಂಡು ನಿಂತೆ. ಆ ಸಲ ಏನೂ ತಿಳಿಯದೆ ನಿಲ್ಲುವ ಶಕ್ತಿ ಇರಲಿಲ್ಲ. ಹಾಗಾಗಿ ಮೂಲೆಯಲ್ಲಿ ನಮ್ಮ ಕಾಲೇಜಿನ ಆಯಾ ಅಕ್ಕಯಮ್ಮನನ್ನು ನಿಲ್ಲಿಸಿ ಪಾಠ ಹೇಳಿದೆ: "ನೋಡಮ್ಮ, ಹುಣಸೆಮರದ ಕಡೆ ಬುಟ್ಟಿಗೆ ಬಿದ್ರೆ ನಮ್ದು. ಈ ಕಡೆ ಬಿದ್ರೆ ಶ್ರೀನಿವಾಸಪುರದೋರ್ದು. ಕೂಗಿ ಹೇಳು."

ಮೊದಲರ್ಧ ಅಮೃತ. "ಬಿತ್ತು ಸಾಮಿ, ಮರದ ಕಡೀಕೆ! ಇನ್ನೊಂದ್ ಬಿತ್ತು!" ವಿರಾಮ ಮುಗಿಯಿತು. ಆಮೇಲೆ ಆಕೆಯ ಗಂಟಲೇ ಬದಲಾಯಿತು. "ಅಯ್ಯೋ ದೇವುಡಾ, ಈ ಕಡೀಕೆ ಬಿತ್ತು. ಇನ್ನೊಂದೂ ಈ ಕಡೀಕೇಯ. ನಮ್ ರತ್ನಂಗೆ ಏನ್ ಬಂತು ಸಾಮಿ, ಅವಳೇ ತಗೊಂಡೋಗಿ ಅವ್ರ ಬುಟ್ಟಿಗೆ ಆಕ್ತಾವ್ಳೆ!"

ಶೀಲ್ಡು ಅವುಚಿಕೊಂಡೇ ಕುಳಿತುಬಿಟ್ಟೆ. ದೊಡ್ಡಪ್ಪ ಬಂದಿರಬೇಕು, ಹುಡುಗಿಗೆ ಬುದ್ಧಿ ಸ್ತಿಮಿತದಲ್ಲಿಲ್ಲ ಅಂದುಕೊಂಡೆ. ಅರ್ಧ ಆಟವಾದ ಮೇಲೆ ತಂಡಗಳು ಬುಟ್ಟಿ ಅದಲುಬದಲು ಮಾಡಿಕೊಳ್ಳುತ್ತವೆ ಎಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಅಕ್ಕಯಮ್ಮನಿಗೆ ಅದನ್ನು ಹೇಳಲು ಮರೆತಿದ್ದೆ, ಅಷ್ಟೇ. ಹೆದರಿಕೆಯಲ್ಲಿ ನನಗೇ ನೆನಪಾಗಲಿಲ್ಲ.

ಕೊನೆಯ ಸೀಟಿ ಕೇಳಿತು. ಗೋಡೆ ಬಿಟ್ಟು ಬಂದು ನೋಡಿದರೆ ನಮ್ಮ ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಗೊಳೋ ಎಂದು ಅಳುತ್ತಿದ್ದಾರೆ. ಇನ್ನು ಕೇಳುವುದೇನಿದೆ? ಭಾರವಾದ ಹೆಜ್ಜೆ ಇಡುತ್ತ ಹೋಗಿ ಶೀಲ್ಡನ್ನು ಬಹುಮಾನದ ಮೇಜಿನ ಮೇಲಿಟ್ಟು ಒಪ್ಪಿಸಿದೆ. ಪಕ್ಕದಲ್ಲೇ ಮೈಕು. ನಾಲ್ಕು ವರ್ಷದಿಂದ ಪ್ರತಿ ಫೈನಲ್ಲಿಗೂ ಜೇಬಿನಲ್ಲಿ ಬಂದು ಹಾಗೆಯೇ ಮರಳುತ್ತಿದ್ದ, ಚೆನ್ನಾಗಿ ಟೈಪು ಮಾಡಿದ ಹಾಳೆಯನ್ನು ಬಿಡಿಸಿ ಓದತೊಡಗಿದೆ:

"ಪ್ರಿಯ ವಿದ್ಯಾರ್ಥಿನಿಯರೇ, ಶೀಲ್ಡು ಕೈತಪ್ಪಿರಬಹುದು. ನೀವು ಆಡಿದ ಆಟವನ್ನು ಯಾರೂ ಕಸಿದುಕೊಳ್ಳಲಾರರು. ಗೆದ್ದವರ ಮೇಲೆ ಕೋಪ ಬೇಡ. ಅವರೂ ಯಾರೋ ತಾಯಿ ಹೆತ್ತ ಮಕ್ಕಳೇ…"

"ಸಾರ್!" ರತ್ನಮ್ಮ ಕಣ್ಣೊರೆಸಿಕೊಂಡು ಕಿರುಚಿದಳು, "ಗೆದ್ದಿದ್ದೀವಿ ಸಾರ್! ಹನ್ನೊಂದು ಪಾಯಿಂಟಲ್ಲಿ! ಶೀಲ್ಡು ನಮ್ದೇ, ಇನ್ನು ಯಾವಾಗ್ಲೂ ನಮ್ದೇ!"

"ಸುಮ್ನಿರೇ, ಓದ್ಲಿ ಬಿಡು," ಎಂದಿತು ಇನ್ನೊಂದು ದನಿ. ಶ್ರೀನಿವಾಸಪುರದ ಕ್ಯಾಪ್ಟನ್. ಮೂಗು ಕೆಂಪಗಾಗಿತ್ತು, ಆದರೆ ನಗುತ್ತಿದ್ದಳು. "ನಮಗೆ ಇಷ್ಟು ಚೆನ್ನಾಗಿ ಯಾರೂ ಹೇಳಿರ್ಲಿಲ್ಲ. ಪೂರ್ತಿ ಮಾಡಿ ಸಾರ್."

ಪೂರ್ತಿ ಮಾಡಿದೆ. ಆ ಮಧ್ಯಾಹ್ನ ಬಿದ್ದ ಚಪ್ಪಾಳೆ ನನ್ನ ಜನ್ಮದಲ್ಲಿ ಮತ್ತೆ ಬೀಳಲಿಲ್ಲ. ಅಕ್ಕಯಮ್ಮ ಮಾತ್ರ ಕೋಲಾರ ಮುಟ್ಟುವವರೆಗೂ, "ಅದೆಂಗ್ ಗೆದ್ವು ಸಾಮಿ, ಎಲ್ಲಾ ಅವ್ರ ಬುಟ್ಟಿಗೇ ಬಿದ್ವಲ್ಲ?" ಎನ್ನುತ್ತಲೇ ಇದ್ದಳು.

ಬಸ್ಸು ಕೆಡಲಿಲ್ಲ, ಆಡು ಬರಲಿಲ್ಲ, ದೊಡ್ಡಪ್ಪ ಬಂದದ್ದು ನಿಜವಾದರೂ ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹೊಡೆದನಂತೆ. ಎಡವಟ್ಟಾದದ್ದು ಒಂದೇ: ಐದು ವರ್ಷ ಗೆದ್ದ ತಂಡದ ಅಭಿಮಾನಿಯ ಜೇಬಿನಲ್ಲಿ ಅಭಿನಂದನೆಯ ಒಂದು ಸಾಲೂ ಇರಲಿಲ್ಲ. ಹೊರಡುವಾಗ ಆ ಶ್ರೀನಿವಾಸಪುರದ ಹುಡುಗಿ ನನ್ನ ಹಾಳೆಯನ್ನು ಕೇಳಿ ಇಸಿದುಕೊಂಡು, "ಇನ್ನೊಂದು ಟೈಪ್ ಮಾಡಿಟ್ಕೊಳ್ಳಿ ಸಾರ್, ಮುಂದಿನ ವರ್ಷ ನಿಮ್ಮೋರಿಗೆ ಬೇಕಾಗತ್ತೆ," ಅಂದಳು. ಪಾಪ, ಅವಳಿಗೆ ಆ ಚಿಂತೆ ಬೇಕಿರಲಿಲ್ಲ. ಕಾರ್ಬನ್ ಪ್ರತಿ ನನ್ನ ಡ್ರಾಯರಿನಲ್ಲಿ ಆಗಲೇ ಇತ್ತು.