ಜಪಾನಿನ ತೂತು ಕಾಗದ

ನಮ್ಮ ಚಿಕ್ಕಮ್ಮನ ಡೈನಿಂಗ್ ಟೇಬಲ್ ಮೇಲೆ ಊಟ ಮಾಡಿದ ನರಮನುಷ್ಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ! ಎಂಟು ಜನ ಆರಾಮಾಗಿ ಕೂರಬಹುದಾದ ಓಕ್ ಮರದ ಟೇಬಲ್ಲು. ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿ ಮನೆ ಕೊಂಡ ವರ್ಷ ಚಿಕ್ಕಪ್ಪ ಆಸೆಪಟ್ಟು ತಂದದ್ದು. ಈಗ ಅದರ ಮೇಲೆ ಕತ್ತರಿಗಳು, ಅಂಟು, ಲೇಸು, ಹಳೆ ಅಂಗಿಗಳ ಗುಂಡಿ, ಒಣಗಿದ ಹೂವು ಮತ್ತು ರಾಶಿ ರಾಶಿ ಕಾಗದ. ಚಿಕ್ಕಪ್ಪ, ಚಿಕ್ಕಮ್ಮ, ಅವರ ಮನೆಯ ಮಹಡಿಯ ಕೋಣೆಯಲ್ಲಿ ಬಿಡಾರ ಹೂಡಿರುವ ನಾನು, ಮೂವರೂ ಉಣ್ಣುವುದು ಸೋಫಾದಲ್ಲಿ, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು. ಒಮ್ಮೆ ಚಿಕ್ಕಪ್ಪ ಮೊಸರನ್ನದಲ್ಲಿ ಏನೋ ಹೊಳೆಯುವುದನ್ನು ಕಂಡು ಗಾಬರಿಯಾದಾಗ ಚಿಕ್ಕಮ್ಮ, "ಗ್ಲಿಟರ್ರು ಅಷ್ಟೇ ರೀ, ವಿಷ ಅಲ್ಲ, ತಿನ್ನಿ" ಎಂದಳು. ತಿಂದರು. ಆಸ್ಪತ್ರೆಯಲ್ಲಿ ಅವರು ದೊಡ್ಡ ಡಾಕ್ಟರು, ಆದರೆ ಮನೆಯಲ್ಲಿ ಅವರ ಮಾತು ಯಾರು ಕೇಳಬೇಕು?

ಚಿಕ್ಕಮ್ಮ ಕೈಯಾರೆ ಶುಭಾಶಯದ ಕಾರ್ಡು ಮಾಡುತ್ತಾಳೆ. ಹುಟ್ಟಿದ ಹಬ್ಬಕ್ಕೆ, ಮದುವೆಗೆ ಎಲ್ಲರೂ ಕೊಡುತ್ತಾರೆ ಬಿಡಿ. ಇವಳು ಯಾವುದಕ್ಕೆ ಕೊಡುವುದಿಲ್ಲ ಹೇಳಿ! ನನ್ನ ಹಳೆ ಕಾರು ವರ್ಷದ ಎಂಓಟಿ ಪರೀಕ್ಷೆ ಪಾಸಾದಾಗ ಕಾರಿಗೇ ಅಭಿನಂದನೆಯ ಕಾರ್ಡು ಬಂತು. ಮರುದಿನ ಬರ್ಚ್‌ವುಡ್‌ನ ನನ್ನ ಆಫೀಸಿಗೆ ಹೋಗುವ ದಾರಿಯಲ್ಲಿ ಅದೇ ಕಾರು ಕೆಟ್ಟು ನಿಂತಿತು. ಸಂಜೆಗೆ ಇನ್ನೊಂದು ಕಾರ್ಡು: "ಬೇಗ ಗುಣಮುಖವಾಗು." ನಮ್ಮ ಜಿಪಿ ಡಾಕ್ಟರ ಕ್ಲಿನಿಕ್ಕಿನ ರಿಸೆಪ್ಷನಿಸ್ಟಿಗೆ "ಇವತ್ತೇ ಅಪಾಯಿಂಟ್‌ಮೆಂಟ್ ಕೊಟ್ಟಿದ್ದಕ್ಕೆ ಧನ್ಯವಾದ" ಎಂಬ ಕಾರ್ಡು ಕೊಟ್ಟಳು. ಆ ಹೆಂಗಸು ಅಪಾಯಿಂಟ್‌ಮೆಂಟ್ ಇನ್ನೂ ಕೊಟ್ಟೇ ಇರಲಿಲ್ಲ! ಕಾರ್ಡನ್ನೂ ಚಿಕ್ಕಮ್ಮನನ್ನೂ ಎರಡು ಸಲ ನೋಡಿ, ಕಕ್ಕಾಬಿಕ್ಕಿಯಾಗಿ, ಮೂರೂವರೆಗೆ ಬನ್ನಿ ಎಂದಳು. ಇದನ್ನು ಮುಗ್ಧತೆ ಎನ್ನಬೇಕೋ ಪಾಕಡಾತನ ಎನ್ನಬೇಕೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಕಾರ್ಡು ಎಷ್ಟೇ ಇಂಗ್ಲಿಷಿನದಾಗಿರಲಿ, ಅದಕ್ಕೂ ಅದರ ಲಕೋಟೆಗೂ ನಾಲ್ಕು ಮೂಲೆಯಲ್ಲಿ ಅರಿಶಿನ ಬೀಳಲೇಬೇಕು. ಪಕ್ಕದ ಮನೆಯ ಜೂಡಿತ್ ಅಜ್ಜಿಗೆ ಮೊದಲ ಸಲ ಕಾರ್ಡು ಕೊಟ್ಟಾಗ ಆಕೆ ಒದ್ದೆ ಬಟ್ಟೆಯಲ್ಲಿ ಮೂಲೆಗಳನ್ನು ಒರೆಸಿ ಒರೆಸಿ, ಹೋಗದೆ, ನಮ್ಮ ಬಾಗಿಲಿಗೆ ಬಂದು, "ಪಾಪ, ನಿಮ್ಮ ಸಾರು ಚೆಲ್ಲಿಬಿಟ್ಟಿದೆ ಅನ್ನಿಸುತ್ತೆ" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. ಚಿಕ್ಕಮ್ಮ ಅರ್ಧ ಗಂಟೆ ವಿವರಿಸಿದಳು. ಅಜ್ಜಿಗೆ ಎಷ್ಟು ಅರ್ಥವಾಯಿತೋ ದೇವರೇ ಬಲ್ಲ. ಆ ಕ್ರಿಸ್‌ಮಸ್ಸಿಗೆ ಆಕೆಯಿಂದ ಬಂದ ಕಾರ್ಡಿನಲ್ಲಿ ಹಿಮವೆಲ್ಲ ಹಳದಿ, ಹಿಮಸಾರಂಗವೂ ಹಳದಿ!

"ಎಲ್ಲರಿಗೂ ಯಾಕೆ ಅರಿಶಿನ, ಚಿಕ್ಕಮ್ಮ? ಇವರಿಗೇನು ಗೊತ್ತಾಗುತ್ತೆ?" ಎಂದು ನಾನು ಕೇಳಿದ್ದೆ.

"ಅರಿಶಿನ ಇಲ್ದೆ ಯಾರಾದ್ರೂ ಕಾಗದ ಕಳಿಸ್ತಾರೇನೋ? ಅದೇನು ತಿಥಿ ಕಾಗದಾನಾ? ಬಿಡ್ತು ಅನ್ನು!"

ಬಿಡ್ತು ಎಂದೆ.

ಆದರೆ ಹೀಗೆ ಊರಿಗೆಲ್ಲ ಕಾರ್ಡು ಹಂಚುವ ಚಿಕ್ಕಮ್ಮನಿಂದ ಒಂದೇ ಒಂದು ವಿಳಾಸಕ್ಕೆ ಕಾರ್ಡು ಹೋಗುತ್ತಿರಲಿಲ್ಲ. ಅದು ಮೈಸೂರಿನಲ್ಲಿರುವ ನನ್ನ ಅಮ್ಮನ ವಿಳಾಸ, ಅಂದರೆ ಅವಳ ಸ್ವಂತ ಅಕ್ಕನದು. ಅಕ್ಕ ತಂಗಿ ಮಾತು ಬಿಟ್ಟು ಒಂಬತ್ತು ವರ್ಷ. ಅವರಮ್ಮ, ಅಂದರೆ ಊರಿನ ನನ್ನ ಅಜ್ಜಿ, ತೀರಿಕೊಂಡಾಗ ಚಿಕ್ಕಮ್ಮನ ಪಾಸ್‌ಪೋರ್ಟು ವೀಸಾ ನವೀಕರಣಕ್ಕೆ ಹೋಗಿ ಕೂತಿತ್ತು, ಹೊರಡಲು ಆಗಲಿಲ್ಲ. ಆವತ್ತು ಫೋನಿನಲ್ಲಿ ಅಮ್ಮ ಏನೋ ಒಂದು ಮಾತು ಅಂದಳು, ಇವಳು ಫೋನಿಟ್ಟಳು. ಏನು ಮಾತು ಎಂದು ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ನಾನು ಇಬ್ಬರ ನಡುವೆ ಅಂಚೆಯವನ ಹಾಗೆ, "ಅಮ್ಮ ಚೆನ್ನಾಗಿದಾಳೆ" "ಚಿಕ್ಕಮ್ಮ ಚೆನ್ನಾಗಿದಾಳೆ" ಎಂದು ಯಾರೂ ಕೇಳದ ಸುದ್ದಿಯನ್ನು ಮುಟ್ಟಿಸುತ್ತಿದ್ದೆ.

ಈ ವರ್ಷ ಅಮ್ಮನಿಗೆ ಅರವತ್ತು ತುಂಬುವುದಿತ್ತು. ಚಿಕ್ಕಮ್ಮ ಜನವರಿಯಿಂದಲೇ ಅಕ್ಕನಿಗೆಂದು ಕಾರ್ಡು ಮಾಡತೊಡಗಿದಳು. ಮಾಡುವಳು, ನೋಡುವಳು, ಸರಿಯಿಲ್ಲ ಎಂದು ಡ್ರಾಯರಿಗೆ ಹಾಕುವಳು. ಡ್ರಾಯರು ತುಂಬಿತು. "ಒಂದು ಫೋನ್ ಮಾಡಬಾರದಾ?" ಎಂದು ಚಿಕ್ಕಪ್ಪ ಕೇಳಿದರು. "ಎತ್ತದಿದ್ರೆ?" ಎಂದಳು. ಕಡೆಗೆ ಒಂದು ಭಾನುವಾರ ಅವಳೇ ತೀರ್ಪು ಕೊಟ್ಟಳು: ತಪ್ಪು ತನ್ನದಲ್ಲ, ಕಾಗದದ್ದು. ಒಳ್ಳೇ ಕಾಗದ ಸಿಗುವುದು ಜಪಾನಿನಲ್ಲಿ!

ಅಕ್ಕನಿಗೆ ಕಾರ್ಡು ಕಳಿಸಲು ಮ್ಯಾಂಚೆಸ್ಟರಿನಿಂದ ಮೈಸೂರಿಗೆ ದಾರಿ ಜಪಾನಿನ ಮೇಲೆ ಹೋಗುತ್ತದೆಯೇ? ನೀವೇ ಹೇಳಿ. ಚಿಕ್ಕಪ್ಪನಿಗೆ ಆಸ್ಪತ್ರೆಯ ಡ್ಯೂಟಿ ರೋಟಾ ಅಡ್ಡ ಬಂತು, ಅಥವಾ ಬಂದಿತೆಂದು ಹೇಳಿದರು. ಪೆಟ್ಟಿಗೆ ಹೊರಲು ನಾನು ಹೊರಟೆ.

ಜಪಾನಿಗೆ ಹೋದವರು ಏನು ನೋಡುತ್ತಾರೆ? ಫ್ಯೂಜಿ ಪರ್ವತ. ನಮ್ಮ ಬುಲೆಟ್ ರೈಲಿನ ಕಿಟಕಿಯಲ್ಲಿ ಅದು ಮೂಡಿದಾಗ ಇಡೀ ಬೋಗಿ ಎದ್ದು ನಿಂತು ಫೋಟೋ ತೆಗೆಯುತ್ತಿತ್ತು. ಚಿಕ್ಕಮ್ಮ ಮಾತ್ರ ಕಿಟಕಿಗೆ ಬೆನ್ನು ಹಾಕಿ, ಆಚೆ ಸೀಟಿನ ಹಿರಿಯರ ಊಟದ ಡಬ್ಬಿಗೆ ಸುತ್ತಿದ್ದ ಹೂವಿನ ಚಿತ್ರದ ಕಾಗದವನ್ನು ನೋಡುತ್ತಿದ್ದಳು. ಬೆರಳು ತೋರಿಸಿ, ನಕ್ಕು, ಕೈ ಮುಗಿದಳು. ಆ ಪುಣ್ಯಾತ್ಮರು ಹಸಿದಿದ್ದಾಳೆ ಎಂದುಕೊಂಡು ಡಬ್ಬಿಯನ್ನೇ ಕೊಟ್ಟರು. ಚಿಕ್ಕಮ್ಮ ಕಾಗದ ಬಿಚ್ಚಿಕೊಂಡು ಡಬ್ಬಿ ವಾಪಸು ಕೊಟ್ಟಳು. ಅವರು ಮತ್ತೆ ಕೊಟ್ಟರು. ಇವಳು ಮತ್ತೆ ವಾಪಸು. ಇಬ್ಬರೂ ಬಗ್ಗಿ ಬಗ್ಗಿ ನಮಸ್ಕಾರ ಮಾಡುತ್ತಿರುವಾಗ ಫ್ಯೂಜಿ ಹಿಂದೆ ಸರಿದು ಹೋಯಿತು. ನಾನೂ ನೋಡಲಿಲ್ಲ, ಆ ಡಬ್ಬಿ ಯಾರ ಕೈಯಲ್ಲಿದೆ ಎಂದು ಲೆಕ್ಕ ಹಿಡಿಯುತ್ತಿದ್ದೆ.

ಅಲ್ಲಿನ ಎಷ್ಟೋ ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರು ತಮ್ಮ ಪುಸ್ತಕಕ್ಕೆ ಒತ್ತಿಕೊಳ್ಳಲೆಂದು ಆಯಾ ಊರಿನ ಚಿತ್ರವಿರುವ ರಬ್ಬರ್ ಮೊಹರು ಇಟ್ಟಿರುತ್ತಾರೆ. ಇದು ಗೊತ್ತಾದ ಮೇಲೆ ಚಿಕ್ಕಮ್ಮನನ್ನು ಹಿಡಿಯುವವರುಂಟೇ? ಒಂದು ನಿಲ್ದಾಣದಲ್ಲಿ "ಒಂದೇ ನಿಮಿಷ ಕಣೋ" ಎಂದು ಇಳಿದಳು. ರೈಲಿನವರು ಒಂದು ನಿಮಿಷ ಕಾಯಲಿಲ್ಲ. ಬಾಗಿಲು ಮುಚ್ಚಿತು. ಒಳಗೆ ನಾನು, ಎರಡು ಪೆಟ್ಟಿಗೆ, ಅವಳ ಪಾಸ್‌ಪೋರ್ಟು. ಹೊರಗೆ ಚಿಕ್ಕಮ್ಮ, ಮೊಹರು ಬಿದ್ದ ಪುಟವನ್ನು ಎತ್ತಿ ತೋರಿಸುತ್ತ ನಗುತ್ತಿದ್ದಾಳೆ! ಮುಂದಿನ ನಿಲ್ದಾಣದಲ್ಲಿ ಇಳಿದು ಕಾದೆ. ಮುಂದಿನ ರೈಲಿನಲ್ಲಿ ಬಂದವಳು, "ಈ ಊರಿಂದು ಒತ್ತಿದ್ಯಾ?" ಎಂದಳು.

ಕಡೆಗೆ ಕಾಗದ ಮಾಡುವ ಒಂದು ಹಳ್ಳಿ ಸೇರಿದೆವು. ಪ್ರವಾಸಿಗಳಿಗೂ ಒಂದು ಗಂಟೆ ಹೇಳಿಕೊಡುತ್ತಾರೆ. ಗಿಡದ ತೊಗಟೆಯ ನಾರನ್ನು ನೀರಿನಲ್ಲಿ ಕದಡಿ, ಬಿದಿರಿನ ಜರಡಿಯಲ್ಲಿ ಮೊಗೆದು, ಹದವಾಗಿ ತೂಗಾಡಿಸಬೇಕು. "ನೀರುದೋಸೆ ಹುಯ್ದ ಹಾಗೇ ಕಣೋ, ಇದೇನು ಮಹಾ!" ಎಂದು ಚಿಕ್ಕಮ್ಮ ಸೆರಗು ಸಿಕ್ಕಿಸುವ ಗತ್ತಿನಲ್ಲಿ ಜಾಕೆಟ್ಟಿನ ತೋಳು ಮಡಿಸಿದಳು. ಅವಳ ಹಾಳೆ ನೀರುದೋಸೆಯಂತೆಯೇ ಬಂತು: ಒಂದು ಕಡೆ ದಪ್ಪ, ಒಂದು ಕಡೆ ತೆಳು, ನಡುವೆ ತೂತು.

ಹೇಳಿಕೊಡುತ್ತಿದ್ದ ಹೆಂಗಸು ಫೋನಿನ ಅನುವಾದಕದಲ್ಲಿ, ಯಾರಿಗಾಗಿ ಎಂದು ಕೇಳಿದರು. ಚಿಕ್ಕಮ್ಮ "ಅಕ್ಕನಿಗೆ" ಎಂದಳು. ಆಮೇಲೆ ಒದ್ದೆ ಹಾಳೆಯನ್ನೇ ನೋಡುತ್ತ, ಆ ಹೆಂಗಸಿಗಲ್ಲ, ನನಗೆ, ಕನ್ನಡದಲ್ಲಿ ಹೇಳಿದಳು.

"ಅವತ್ತು ನಿಮ್ಮಮ್ಮ ಏನಂದ್ಳು ಗೊತ್ತಾ? 'ನಿಂಗೆ ಬರೋಕಾಗಲ್ಲ ಬಿಡು. ಆ ಊರಿನವರ ಥರ ಒಂದು ಕಾರ್ಡು ಕಳಿಸು, ಸಾಕು.'"

ಒಂಬತ್ತು ವರ್ಷ, ಕಾರಿಗೆ, ರಿಸೆಪ್ಷನಿಸ್ಟಿಗೆ, ಜೂಡಿತ್ ಅಜ್ಜಿಗೆ, ಸಿಕ್ಕಸಿಕ್ಕವರಿಗೆಲ್ಲ ಕಾರ್ಡು! ಕಳಿಸಬೇಕಾದವಳಿಗೆ ಕಳಿಸಲಾರದೆ ಊರಿಗೆಲ್ಲ ಕಳಿಸಿದ್ದಳೇ? ಅಂಗಡಿಯ ನುಣುಪಾದ ಹಾಳೆಗಳನ್ನೆಲ್ಲ ಬಿಟ್ಟು, ಅವಳು ಒಣಗಿದ ಆ ತೂತು ಕಾಗದವನ್ನೇ ಎದೆಗೆ ಒತ್ತಿಕೊಂಡು ಬಂದಳು.

ಮನೆಗೆ ಬಂದ ವಾರವೇ ಕಾರ್ಡು ಸಿದ್ಧವಾಯಿತು. ಲೇಸಿಲ್ಲ, ಗುಂಡಿಯಿಲ್ಲ, ಗ್ಲಿಟರಿಲ್ಲ. ಮಡಿಸಿದ ಬಿಳಿ ಹಾಳೆ, ಉಳಿದ ತುಂಡಿನಲ್ಲೇ ಅಂಟಿಸಿದ ಲಕೋಟೆ. ಮುಂದೆ ಅಮ್ಮನ ವಿಳಾಸ, ಹಿಂದೆ ನಮ್ಮ ವಿಳಾಸ ಬರೆಯಲು ಪೆನ್ನನ್ನು ನನ್ನ ಕೈಗೆ ಕೊಟ್ಟಳು. "ನನ್ನ ಅಕ್ಷರ ನೋಡಿ ಒಡೀದೇ ಎತ್ತಿಟ್ಟುಬಿಟ್ರೆ?" ಬರೆದೆ. ಅವಳು ಅರಿಶಿನದ ಭರಣಿಗೆ ಕೈ ಹಾಕಿದಳು. ನಾನು, ಎಲ್ಲ ತಿಳಿದ ಮಹಾಬುದ್ಧಿವಂತ, ತಡೆದೆ. "ಬೇಡ ಚಿಕ್ಕಮ್ಮ. ಜಪಾನಿಂದ ತಂದ ಕಾಗದ, ಎಷ್ಟು ಬೆಳ್ಳಗಿದೆ, ಯಾಕೆ ಹಾಳು ಮಾಡ್ತೀಯಾ?" ಹುಟ್ಟಿದಾಗಿನಿಂದ ಯಾರ ಮಾತೂ ಕೇಳದವಳು ಅವತ್ತೊಂದು ದಿನ ಕೇಳಿದಳು. ಬೆರಳು ಒರೆಸಿಕೊಂಡಳು.

ಅಂಚೆಗೆ ಹಾಕಿ ಎರಡು ವಾರ ಕಳೆಯಿತು. ಕಾಯುತ್ತಿಲ್ಲ ಎಂದು ತೋರಿಸಲು ಚಿಕ್ಕಮ್ಮ ಮನೆಯನ್ನು ದಿನಕ್ಕೆ ಮೂರು ಸಲ ಹೂವರ್ ಯಂತ್ರದಲ್ಲಿ ಗುಡಿಸಿದಳು. ಒಂದೂ ಕಾರ್ಡು ಮಾಡಲಿಲ್ಲ. ಡೈನಿಂಗ್ ಟೇಬಲ್ಲಿನ ಒಂದು ಮೂಲೆ ಖಾಲಿಯಾಗಿ, ಚಿಕ್ಕಪ್ಪ ಅಲ್ಲಿ ಕೂತು ಉಣ್ಣಲು ಹೋಗಿ, ಯಾಕೋ ರುಚಿಸದೆ ಸೋಫಾಕ್ಕೆ ವಾಪಸು ಬಂದರು.

ಒಂದು ಶನಿವಾರ ಬೆಳಿಗ್ಗೆ ಟಿವಿಡೇಲ್‌ನ ಬಾಲಾಜಿ ದೇವಸ್ಥಾನಕ್ಕೆ ಹೊರಟಿದ್ದೆವು. ಕಾರು ನಾನು ಓಡಿಸುತ್ತಿದ್ದೆ, ಪಕ್ಕದಲ್ಲಿ ಚಿಕ್ಕಮ್ಮ, ಹಿಂದೆ ಚಿಕ್ಕಪ್ಪ. ಎಂ-ಸಿಕ್ಸ್ ಹೆದ್ದಾರಿಯಲ್ಲಿ ನನ್ನ ಫೋನು ಬಡಿದುಕೊಂಡಿತು. ಕಾರಿನ ಸ್ಪೀಕರಿನಲ್ಲಿ ಅಮ್ಮನ ದನಿ ತುಂಬಿತು, ಅಳುತ್ತಿದ್ದಳು.

"ಯಾವಾಗ ಹೋದ್ಳೋ?"

"ಯಾರಮ್ಮಾ? ಎಲ್ಲಿಗೆ?"

"ನನ್ನ ತಂಗಿ ಕಣೋ! ಫೋನಲ್ಲಿ ಹೇಳೋಕಾಗ್ದೆ ಕಾಗದ ಹಾಕಿದೀಯಲ್ಲೋ! ನಿನ್ನ ಅಕ್ಷರ, ಅವಳ ಮನೆ ವಿಳಾಸ, ಬೋಳು ಬಿಳೀ ಲಕೋಟೆ, ಒಂದು ಮೂಲೆಗಾದ್ರೂ ಅರಿಶಿನ ಇಲ್ಲ. ಒಂದು ಗಂಟೆಯಿಂದ ಕೈಲಿ ಹಿಡ್ಕೊಂಡು ಕೂತಿದೀನಿ, ಒಡೆಯೋಕೆ ಧೈರ್ಯ ಇಲ್ಲ. ನಾನು ಪಾಪಿ, ಒಂದು ಮಾತು ಅಂದು ಕಳಕೊಂಡೆ..."

ಮಹಾಬುದ್ಧಿವಂತಿಕೆ ಎಲ್ಲಿಗೆ ಬಂದು ನಿಂತಿತು ನೋಡಿ! ಚಿಕ್ಕಮ್ಮನ ಕಡೆ ತಿರುಗಿದೆ. ಅವಳು ಸ್ಪೀಕರಿಗೆ ಮುಖ ಕೊಟ್ಟು, ಒಂಬತ್ತು ವರ್ಷದ ಮೇಲೆ ಬಾಯಿ ತೆರೆದಳು.

"ಅಕ್ಕಾ... ನಾನಿದೀನಿ ಕಣೇ."

ಆ ಕಡೆ ಅಮ್ಮ ಉಸಿರೆಳೆದುಕೊಂಡಿದ್ದು ಕೇಳಿಸಿತು. ಹಿಂದಿನ ಸೀಟಿನಲ್ಲಿ ಚಿಕ್ಕಪ್ಪ ಕನ್ನಡಕ ತೆಗೆದರು.

"ಬದುಕಿದೀಯೇನೇ?"

"ಹೂಂ."

"ಹಾಳಾದವಳೇ! ಒಂದು ಚಿಟಿಕೆ ಅರಿಶಿನ ಹಚ್ಚೋಕೆ ಏನೇ ಧಾಡಿ ನಿಂಗೆ? ನನ್ನ ಜೀವ ಹೋಗ್ತಿತ್ತಲ್ಲೇ!"

"ಇವನು ಬೇಡ ಅಂದ" ಎಂದು ಚಿಕ್ಕಮ್ಮ ಕ್ಷಣವೂ ತಡಮಾಡದೆ ನನ್ನ ಮೇಲೆ ಹಾಕಿದಳು.

ಇಬ್ಬರೂ ಸೇರಿ ನನ್ನನ್ನು ಎರಡು ಜಂಕ್ಷನ್ ದಾಟುವವರೆಗೂ ಬೈದರು. ಅಷ್ಟು ಸುಖವಾದ ಬೈಗುಳ ನಾನು ಜನ್ಮದಲ್ಲಿ ತಿಂದಿಲ್ಲ.

"ಒಡಿ ಅಕ್ಕಾ" ಎಂದಳು ಚಿಕ್ಕಮ್ಮ. "ಮಧ್ಯೆ ಒಂದು ತೂತಿದೆ, ಬೈಬೇಡ. ನಾನೇ ಮಾಡಿದ ಕಾಗದ. ಒಳಗೆ ಜಾಸ್ತಿ ಏನೂ ಬರೆದಿಲ್ಲ. ಬರೋಕಾಗಲಿಲ್ಲ ಅಕ್ಕ ಅಂತ, ಅಷ್ಟೇ."

"ಇರು, ಹಾಗೇ ಒಡೆಯಲ್ಲ" ಎಂದಳು ಅಮ್ಮ. ಕುರ್ಚಿ ಸರಿದ ಸದ್ದಾಯಿತು. ಅವಳು ಅಡುಗೆಮನೆಗೆ ನಡೆದದ್ದು, ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದದ್ದು, ಎಲ್ಲ ನಮ್ಮ ಕಾರಿನೊಳಗೆ ಕೇಳಿಸಿತು.

"ನಾಲ್ಕೂ ಮೂಲೆಗೆ ಹಚ್ಚು ಅಕ್ಕಾ" ಎಂದಳು ಚಿಕ್ಕಮ್ಮ, ಮೂಗು ಒರೆಸಿಕೊಳ್ಳುತ್ತ.

"ಹಚ್ತಿದೀನಿ, ಸುಮ್ನಿರೇ" ಎಂದಳು ಅಮ್ಮ.